ಈಜಿ-ಇ: ಸಾಲು ಬೇರೆಯವರದು, ಕಂಪನಿ ತನ್ನದು

ಎರಿಕ್ ರೈಟ್‌ಗೆ ರ‍್ಯಾಪ್ ಮಾಡಲು ಬರುತ್ತಿರಲಿಲ್ಲ. ಶುರುವಿನಲ್ಲಿ ಅವನ ಜೊತೆ ಕೆಲಸ ಮಾಡಿದವರೇ ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ತಾಳಕ್ಕೆ ಸರಿಯಾಗಿ ಮಾತು ಕೂರುತ್ತಿರಲಿಲ್ಲ. ಸಾಲುಗಳನ್ನು ಬೇರೆಯವರು ಬರೆದು ಕೊಡಬೇಕಾಗಿತ್ತು. ಆದರೂ ಇವತ್ತು ಗ್ಯಾಂಗ್‌ಸ್ಟಾ ರ‍್ಯಾಪ್‌ನ ಗಾಡ್‌ಫಾದರ್ ಅಂತ ಜನ ಕರೆಯುವುದು ಇವನನ್ನೇ. ಬೀದಿ ಗ್ಯಾಂಗುಗಳ ಬದುಕನ್ನು ಹೇಳುವ ಅಮೆರಿಕದ ಹಾಡಿನ ಬಗೆ ಅದು. ಈಜಿ-ಇ ಅನ್ನುವ ಹೆಸರಲ್ಲಿ ಪ್ರಸಿದ್ಧನಾದ. ಬದುಕಿದ್ದು ಮೂವತ್ತು ವರ್ಷ. ಸಂಗೀತದ ಲೋಕದಲ್ಲಿ ಇದ್ದದ್ದು ಬರೀ ಎಂಟು ವರ್ಷ, 1987ರಿಂದ 1995ರವರೆಗೆ.

ಅವನಿಗಿಂತ ಮುಂಚೆ ಇಂಥ ಹಾಡು ಇರಲಿಲ್ಲ ಅಂತಲ್ಲ. 1985ರಲ್ಲಿ ಫಿಲಡೆಲ್ಫಿಯಾದ ಸ್ಕೂಲಿ ಡಿ, 1986ರಲ್ಲಿ ಲಾಸ್ ಏಂಜಲೀಸ್‌ನ ಐಸ್-ಟಿ, ಇಬ್ಬರೂ ಬೀದಿ ಗ್ಯಾಂಗುಗಳ ಬದುಕನ್ನು ಹಾಡಾಗಿ ಹೇಳಿದ್ದರು. ಹಾಗಾದರೆ ಈಜಿ ಮಾಡಿದ್ದೇನು? ನನ್ನ ಪ್ರಕಾರ ಅವನು ಮೊದಲು ಮಾಲೀಕ, ಆಮೇಲೆ ಹಾಡುಗಾರ. ಗೆದ್ದದ್ದು ಮಾಲೀಕನಾಗಿ. ಹತ್ತಿರದ ಗೆಳೆಯರನ್ನು ಕಳೆದುಕೊಂಡದ್ದೂ ಮಾಲೀಕನಾಗಿಯೇ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಅವನು ಅರ್ಥವಾಗುವುದಿಲ್ಲ.

ಮೊದಲು ಊರಿನ ಬಗ್ಗೆ ಹೇಳಬೇಕು. ಎರಿಕ್ ಹುಟ್ಟಿದ್ದು 1964ರ ಸೆಪ್ಟೆಂಬರ್ 7ರಂದು, ಕಾಂಪ್ಟನ್‌ನಲ್ಲಿ. ಲಾಸ್ ಏಂಜಲೀಸ್ ನಗರದ ದಕ್ಷಿಣಕ್ಕಿರುವ ಸಣ್ಣ ಊರು ಅದು. ಹಾಡು ಕೇಳಿದವರು ಮುರುಕು ಕಟ್ಟಡಗಳ ಕೊಳೆಗೇರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಹಾಗಿಲ್ಲ. ಒಂದಂತಸ್ತಿನ ಪುಟ್ಟ ಮನೆಗಳು, ಮುಂದೆ ಹುಲ್ಲು, ರಸ್ತೆ ಬದಿಗೆ ಉದ್ದುದ್ದ ತಾಳೆ ಜಾತಿಯ ಮರಗಳು. ಕಿಟಕಿಗಳಿಗೆ ಹಾಕಿಸಿದ ಕಬ್ಬಿಣದ ಸರಳು ನೋಡಿದ ಮೇಲೆ ಊರಿನ ಭಯ ಗೊತ್ತಾಗುತ್ತದೆ.

ಒಂದು ಕಾಲದಲ್ಲಿ ಅಲ್ಲಿ ಹೆಚ್ಚಿನವರು ಬಿಳಿಯರೇ. ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಆಸ್ತಿ ಪತ್ರದಲ್ಲೇ ಬರೆಯುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಪ್ಪು ಕುಟುಂಬಗಳು ನಿಧಾನವಾಗಿ ಬಂದವು. 1965ರಲ್ಲಿ ಪಕ್ಕದ ವಾಟ್ಸ್‌ನಲ್ಲಿ ದೊಡ್ಡ ಗಲಭೆಯಾಯಿತು. ಉಳಿದಿದ್ದ ಬಿಳಿಯರು, ಅಂಗಡಿ ವ್ಯಾಪಾರ ಎಲ್ಲ ಬೇರೆ ಕಡೆ ಹೋದವು. ಆದರೂ ಕೆಲಸ ಇತ್ತು. ಹತ್ತಿರದ ಸೌತ್ ಗೇಟ್‌ನಲ್ಲಿ ಫೈರ್‌ಸ್ಟೋನ್ ಟೈರ್ ಕಾರ್ಖಾನೆ ಇತ್ತು, ಜನರಲ್ ಮೋಟಾರ್ಸ್ ಕಾರ್ಖಾನೆ ಇತ್ತು. ಮೊದಲನೆಯದು 1980ರಲ್ಲಿ ಬಾಗಿಲು ಹಾಕಿತು, ಎರಡನೆಯದು 1982ರಲ್ಲಿ. ಎರಿಕ್‌ಗೆ ಆಗ ಹದಿನೇಳು, ಹದಿನೆಂಟು ವಯಸ್ಸು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು, ಅಮ್ಮ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಹತ್ತನೇ ತರಗತಿಗೆ ಶಾಲೆ ಬಿಟ್ಟ ಹುಡುಗನಿಗೆ ಆ ಊರಲ್ಲಿ ಸಿಗುವ ಕೆಲಸ ಯಾವುದಿತ್ತು? ಕಾರ್ಖಾನೆ ಮುಚ್ಚಿತ್ತು. ಮೂಲೆಯಲ್ಲಿ ಮಾದಕ ವಸ್ತುವಿನ ವ್ಯಾಪಾರ ಮಾತ್ರ ಹಗಲೂ ರಾತ್ರಿ ತೆರೆದಿತ್ತು.

ಅದೇ ಹೊತ್ತಿಗೆ ಕ್ರ್ಯಾಕ್ ಬಂತು. ಸೇದುವಂಥ ಕೊಕೇನ್. ಕೆಲವೇ ಡಾಲರಿಗೆ ಒಂದು ಚೂರು ಸಿಗುತ್ತಿತ್ತು. ಇಲ್ಲಿ ಒಂದು ಕಾನೂನಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಆ ಪೀಳಿಗೆಯ ಸಿಟ್ಟು ಎಲ್ಲಿಂದ ಬಂತು ಅನ್ನುವುದು ಇದರಿಂದ ಗೊತ್ತಾಗುತ್ತದೆ. 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ ಮಾರಿ ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ ಜೈಲು. ಅದೇ ಐದು ವರ್ಷ ಆಗಬೇಕಾದರೆ ಪುಡಿ ಕೊಕೇನ್ 500 ಗ್ರಾಂ ಬೇಕಿತ್ತು. ಪುಡಿಯನ್ನು ಬಳಸುತ್ತಿದ್ದವರಲ್ಲಿ ದುಡ್ಡಿದ್ದ ಬಿಳಿಯರು ಜಾಸ್ತಿ. ಕ್ರ್ಯಾಕ್ ಕೇಸಿನಲ್ಲಿ ಜೈಲಿಗೆ ಹೋದವರಲ್ಲಿ ಕಪ್ಪು ಹುಡುಗರು ಜಾಸ್ತಿ. ಒಂದಕ್ಕೆ ನೂರರ ಲೆಕ್ಕ! ಇದನ್ನು ಸರ್ಕಾರವೇ ಕಾಗದದ ಮೇಲೆ ಬರೆದು ಸಹಿ ಹಾಕಿತು.

ಎರಿಕ್ ಈ ವ್ಯಾಪಾರದಲ್ಲಿ ಇದ್ದ. ಮುಚ್ಚಿಡಲೂ ಇಲ್ಲ. ಅವನ ಹತ್ತಿರದ ಸಂಬಂಧಿಯೊಬ್ಬ ಗುಂಡೇಟಿಗೆ ಸತ್ತ ಮೇಲೆ ಇದರಿಂದ ಹೊರಗೆ ಹೋಗಬೇಕು ಅನ್ನಿಸಿತು. ಕೈಯಲ್ಲಿ ನಗದು ಇತ್ತು, ಅದನ್ನು ಎಲ್ಲಿ ಹಾಕುವುದು ಅಂತ ಹುಡುಕುತ್ತಿದ್ದ.

ಟಾರೆನ್ಸ್ ಅನ್ನುವ ಊರಲ್ಲಿ ರೋಡಿಯಂ ಅಂತ ಒಂದು ಬಯಲು ಮಾರುಕಟ್ಟೆ ಇದೆ. ಮೊದಲು ಅದು ಕಾರಿನಲ್ಲೇ ಕೂತು ಸಿನಿಮಾ ನೋಡುವ ಜಾಗವಾಗಿತ್ತು. ಹಗಲು ಅಲ್ಲಿ ಸಂತೆ. ಬಟ್ಟೆ, ಚಪ್ಪಲಿ, ಪಾತ್ರೆಗಳ ಮಧ್ಯೆ ಸ್ಟೀವ್ ಯಾನೋ ಅನ್ನುವವರು ರೆಕಾರ್ಡುಗಳ ಅಂಗಡಿ ಹಾಕುತ್ತಿದ್ದರು. ದೊಡ್ಡ ಅಂಗಡಿಗೆ ಬರುವ ಮುಂಚೆಯೇ ಹೊಸ ಹಿಪ್-ಹಾಪ್ ಅಲ್ಲಿ ಸಿಗುತ್ತಿತ್ತು. ಊರಿನ ಡಿಜೆಗಳು ಮಾಡಿದ ಕ್ಯಾಸೆಟ್‌ಗಳೂ ಸಿಗುತ್ತಿದ್ದವು. ಎರಿಕ್ ಅಲ್ಲಿಗೆ ಬಂದು ರೆಕಾರ್ಡುಗಳನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದ. ಒಂದು ಕ್ಯಾಸೆಟ್ ಕೇಳಿ, ಇದನ್ನು ಮಾಡಿದ ಡಿಜೆಯ ಫೋನ್ ನಂಬರ್ ಕೊಡಿ ಅಂತ ಯಾನೋರ ಬೆನ್ನು ಹತ್ತಿದ. ಆ ಡಿಜೆ ಆಂಡ್ರೆ ಯಂಗ್. ನಿಮಗೆ ಗೊತ್ತಿರುವ ಹೆಸರು ಡಾ. ಡ್ರೇ.

ಡ್ರೇ ಆಗ ಅಲೊಂಜೊ ವಿಲಿಯಮ್ಸ್ ಅನ್ನುವವರ ಗುಂಪಿನಲ್ಲಿದ್ದ. ಮಿಂಚುವ ಬಟ್ಟೆ ಹಾಕಿ ಕ್ಲಬ್ಬಿನಲ್ಲಿ ಕುಣಿಸುವ ಸಂಗೀತ ಅವರದು. ಡ್ರೇಗೆ ಅದು ಬೇಸರ ತಂದಿತ್ತು. ಜೇಬಲ್ಲಿ ದುಡ್ಡೂ ಇರುತ್ತಿರಲಿಲ್ಲ. ಟ್ರಾಫಿಕ್ ದಂಡ ಕಟ್ಟದೆ ಜೈಲಿಗೆ ಹೋದಾಗ ಎರಿಕ್ ಜಾಮೀನಿನ ದುಡ್ಡು ಕೊಟ್ಟು ಬಿಡಿಸಿದ. ಅದಕ್ಕೆ ಪ್ರತಿಯಾಗಿ, ನಾನು ಒಂದು ಕಂಪನಿ ಮಾಡುತ್ತೇನೆ, ನೀನು ಸಂಗೀತ ಮಾಡಿಕೊಡು ಅಂದ. ಬರೆಯಲು ಹೈಸ್ಕೂಲ್ ಹುಡುಗ ಒಬ್ಬ ಸಿಕ್ಕ. ಹೆಸರು ಒಶೇ ಜಾಕ್ಸನ್, ಮುಂದೆ ಐಸ್ ಕ್ಯೂಬ್ ಆದ. ಹೀಗೆ ದುಡ್ಡು ಒಬ್ಬನದು, ಕಿವಿ ಇನ್ನೊಬ್ಬನದು, ಪೆನ್ನು ಮತ್ತೊಬ್ಬನದು.

ಈಗ ಬಾಯ್ಸ್-ಎನ್-ದ-ಹುಡ್ ಹಾಡಿಗೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲ ಶುರುವಾದದ್ದು ಇಲ್ಲೇ. ಕ್ಯೂಬ್ ಅದನ್ನು ಬರೆದದ್ದು ನ್ಯೂಯಾರ್ಕ್ ಮೂಲದ ಎಚ್.ಬಿ.ಒ. ಅನ್ನುವ ಗುಂಪಿಗೆ. ಎರಿಕ್ ದುಡ್ಡು ಕೊಟ್ಟು ಟಾರೆನ್ಸ್‌ನ ಆಡಿಯೊ ಅಚೀವ್‌ಮೆಂಟ್ಸ್ ಸ್ಟುಡಿಯೋ ಬುಕ್ ಮಾಡಿದ್ದ. ಆ ಹುಡುಗರು ಹಾಡು ಓದಿ, ಇದು ನಮ್ಮ ಕಡೆಯ ಮಾತಲ್ಲ, ಪಶ್ಚಿಮದವರ ಭಾಷೆ, ನಾವು ಹಾಡುವುದಿಲ್ಲ ಅಂತ ಎದ್ದು ಹೋದರು. ಸ್ಟುಡಿಯೋ ಬಾಡಿಗೆಯ ಗಡಿಯಾರ ಓಡುತ್ತಿದೆ. ಸಂಗೀತ ರೆಡಿ, ಹಾಡು ರೆಡಿ, ಹಾಡುವವರು ಇಲ್ಲ. ಆಗ ಡ್ರೇ ಎರಿಕ್ ಕಡೆ ತಿರುಗಿ, ನೀನೇ ಹಾಡು ಅಂದ. ಎರಿಕ್ ಒಪ್ಪಲಿಲ್ಲ. ಬಲವಂತ ಮಾಡಿ ಮೈಕ್ ಮುಂದೆ ನಿಲ್ಲಿಸಿದರು. ನಾಚಿಕೆಗೆ ದೀಪ ಆರಿಸಲು ಹೇಳಿದ, ಕಪ್ಪು ಕನ್ನಡಕ ಹಾಕಿಕೊಂಡ. ಒಂದು ಸಾಲು ಹೇಳುವುದು, ಟೇಪ್ ನಿಲ್ಲಿಸುವುದು. ಡ್ರೇ ತಿದ್ದುವುದು. ಮತ್ತೆ ಅದೇ ಸಾಲು. ಸರಿ ಬಂದ ಮೇಲೆ ಮುಂದಿನದು. ಹೀಗೆ ಸಾಲು ಸಾಲಾಗಿ ಜೋಡಿಸಿ ಹಾಡು ಮುಗಿಸಿದರು.

ಕೇಳಿದರೆ ಆಶ್ಚರ್ಯ ಆಗುತ್ತದೆ. ಆ ತೆಳ್ಳಗಿನ, ಮೂಗಿನಿಂದ ಬರುವ, ಮಕ್ಕಳ ಧ್ವನಿಯಂಥ ಸ್ವರದಲ್ಲಿ ಒಂದು ದಿನದ ಕಥೆ ಬರುತ್ತದೆ. ಬೆಳಿಗ್ಗೆ ಕಾರು ತೆಗೆದು ಹೊರಟವನು ದಾರಿಯಲ್ಲಿ ಕಳ್ಳತನ, ಗುಂಡು, ಜಗಳ, ಅಪಘಾತ ಎಲ್ಲ ನೋಡುತ್ತಾನೆ, ಮಾಡುತ್ತಾನೆ. ಸ್ವರದಲ್ಲಿ ಏರಿಳಿತವೇ ಇಲ್ಲ. ತರಕಾರಿ ತರಲು ಹೋಗಿ ಬಂದ ಹಾಗೆ ಹೇಳುತ್ತಾನೆ. ಪಳಗಿದ ಹಾಡುಗಾರ ಇದನ್ನು ಹಾಡಿದ್ದರೆ ನಾಟಕ ಆಗುತ್ತಿತ್ತು. ಇವನಿಗೆ ಹಾಡಲು ಬರದೇ ಇದ್ದದ್ದೇ ಹಾಡಿಗೆ ಕೂಡಿ ಬಂತು. ಡ್ರೇ ಕಿವಿಗೆ ಅದು ಅವತ್ತೇ ಕೇಳಿಸಿತ್ತು. ಅಷ್ಟು ಎಳೆಯ ವಯಸ್ಸಲ್ಲಿ ಅಂಥ ಕಿವಿ ಇದ್ದದ್ದು ದೊಡ್ಡ ವಿಷಯ.

ರೆಕಾರ್ಡ್ ಒತ್ತಿಸಬೇಕಲ್ವಾ? ಹಾಲಿವುಡ್‌ನಲ್ಲಿ ಮಕೋಲಾ ಅಂತ ಒಂದು ಜಾಗ ಇತ್ತು. ಯಾರು ಬೇಕಾದರೂ ಟೇಪ್ ಮತ್ತು ದುಡ್ಡು ತಂದರೆ ಕೆಲವು ನೂರು ಪ್ರತಿ ಒತ್ತಿ ಕೊಡುತ್ತಿದ್ದರು. ದೊಡ್ಡ ಕಂಪನಿಗಳು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಹುಡುಗರಿಗೆ ಅದೊಂದೇ ದಾರಿ. ಎರಿಕ್ ಅಲ್ಲಿ ಒತ್ತಿಸಿ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಅಂಗಡಿ ಅಂಗಡಿಗೆ, ಸಂತೆ ಸಂತೆಗೆ ತಿರುಗಿ ಮಾರಿದ. ಕೆ.ಡಿ.ಎ.ವೈ. ಅನ್ನುವ ಲಾಸ್ ಏಂಜಲೀಸ್‌ನ ರೇಡಿಯೋ ಕೆಟ್ಟ ಮಾತು ತೆಗೆದ ಪ್ರತಿಯನ್ನು ಹಾಕಿತು. ಸರಕು ಯಾರ ಕೈಗೆ ಹೋಗಬೇಕು, ನಗದು ಯಾವಾಗ ಕೈಗೆ ಬರಬೇಕು, ಯಾರನ್ನು ನಂಬಬಾರದು, ಇದೆಲ್ಲ ಅವನಿಗೆ ಬೀದಿಯ ವ್ಯಾಪಾರ ಕಲಿಸಿತ್ತು.

ಕಂಪನಿಯ ಹೆಸರು ರೂತ್‌ಲೆಸ್ ರೆಕಾರ್ಡ್ಸ್. ದೊಡ್ಡ ಕಂಪನಿಗಳ ಜೊತೆ ಮಾತಾಡಲು ಅನುಭವ ಇರುವವರು ಬೇಕು ಅಂತ ಅವನಿಗೆ ಗೊತ್ತಿತ್ತು. ಜೆರ್ರಿ ಹೆಲ್ಲರ್ ಅನ್ನುವ ಹಳೆಯ ಮ್ಯಾನೇಜರ್ ಇದ್ದರು. ಎಲ್ಟನ್ ಜಾನ್, ಪಿಂಕ್ ಫ್ಲಾಯ್ಡ್ ಅಂಥವರ ಅಮೆರಿಕ ಪ್ರವಾಸಗಳಿಗೆ ಕೆಲಸ ಮಾಡಿದ್ದವರು. ಅವರ ಪರಿಚಯ ಮಾಡಿಕೊಡಲು ಎರಿಕ್ ಅಲೊಂಜೊ ವಿಲಿಯಮ್ಸ್‌ಗೆ 750 ಡಾಲರ್ ಕೊಟ್ಟ. 1987ರ ಮಾರ್ಚ್‌ನಲ್ಲಿ ಮಕೋಲಾದಲ್ಲೇ ಭೇಟಿ. ಎರಿಕ್ ಕಾಲುಚೀಲದೊಳಗಿಂದ ನೋಟಿನ ಕಟ್ಟು ತೆಗೆದು ಅಲ್ಲೇ ಎಣಿಸಿ ಕೊಟ್ಟ ಅಂತ ಹೆಲ್ಲರ್ ಆಮೇಲೆ ಹೇಳಿಕೊಂಡಿದ್ದಾರೆ.

ರೂತ್‌ಲೆಸ್‌ಗೆ ದೊಡ್ಡ ಜಗತ್ತಿನ ಬಾಗಿಲು ತೆರೆದದ್ದರಲ್ಲಿ ಜೆ.ಜೆ. ಫ್ಯಾಡ್ ಅನ್ನುವ ಹುಡುಗಿಯರ ಗುಂಪಿನ ಪಾಲು ದೊಡ್ಡದು. ಇದನ್ನು ತುಂಬ ಜನ ಮರೆಯುತ್ತಾರೆ. ಅವರ ಸೂಪರ್‌ಸಾನಿಕ್ ಹಾಡಲ್ಲಿ ಗ್ಯಾಂಗೂ ಇಲ್ಲ, ಗುಂಡೂ ಇಲ್ಲ, ಬರೀ ಖುಷಿ. ಗ್ರ್ಯಾಮಿಯಲ್ಲಿ ರ‍್ಯಾಪ್‌ಗೆ ಅಂತ ಮೊದಲ ಸಲ ಪ್ರಶಸ್ತಿ ಇಟ್ಟ ವರ್ಷ, 1989ರಲ್ಲಿ, ಆ ಹಾಡು ನಾಮನಿರ್ದೇಶನ ಪಡೆಯಿತು. ಹುಡುಗರ ಕಥೆ ಹೇಳುವ ಭರದಲ್ಲಿ ಈ ಹುಡುಗಿಯರನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಈಜಿ ಕಟ್ಟಿದ ಗುಂಪು, ಎನ್.ಡಬ್ಲ್ಯೂ.ಎ. ಆ ಹೆಸರಿನ ಪೂರ್ತಿ ರೂಪದಲ್ಲಿ ಕಪ್ಪು ಜನರಿಗೆ ಬಿಳಿಯರು ಬಳಸುತ್ತಿದ್ದ ಬೈಗುಳ ಇದೆ, ನಾನು ಹೇಳುವುದಿಲ್ಲ. ಈಜಿ, ಡ್ರೇ, ಕ್ಯೂಬ್, ಎಂಸಿ ರೆನ್, ಡಿಜೆ ಯೆಲ್ಲಾ, ಶುರುವಿನಲ್ಲಿ ಅರೇಬಿಯನ್ ಪ್ರಿನ್ಸ್. 1988-89ರ ಹೊತ್ತಿಗೆ ಎರಡು ಆಲ್ಬಂ ಬಂದವು. ಒಂದು ಈಜಿಯ ಸ್ವಂತದ್ದು, ಈಜಿ-ಡಝ್-ಇಟ್. ಇನ್ನೊಂದು ಗುಂಪಿನ ಸ್ಟ್ರೇಟ್ ಔಟಾ ಕಾಂಪ್ಟನ್. ರೇಡಿಯೋಗಳು ಹತ್ತಿರ ಸೇರಿಸಲಿಲ್ಲ, ಎಂಟಿವಿ ವಿಡಿಯೋ ಹಾಕಲು ಒಪ್ಪಲಿಲ್ಲ. ಆದರೂ ಒಂದೊಂದೂ ಹತ್ತು ಲಕ್ಷ ದಾಟಿ ಮಾರಾಟವಾಯಿತು. ಕೊಂಡವರಲ್ಲಿ ಕಾಂಪ್ಟನ್ ಎಲ್ಲಿದೆ ಅಂತಲೂ ಗೊತ್ತಿಲ್ಲದ ಬಿಳಿಯರ ಬಡಾವಣೆಯ ಹುಡುಗರು ಬಹಳ ಜನ.

ಎರಡನೆಯ ಆಲ್ಬಂನಲ್ಲಿ ಪೊಲೀಸರ ವಿರುದ್ಧದ ಹಾಡು ಇದೆ. ಅದರ ಕಟ್ಟುಪಾಡು ಗಮನಿಸಬೇಕು. ಅದು ಒಂದು ಕೋರ್ಟು. ಡ್ರೇ ನ್ಯಾಯಾಧೀಶ. ಕ್ಯೂಬ್, ರೆನ್, ಈಜಿ ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳುತ್ತಾರೆ. ಕಟಕಟೆಯಲ್ಲಿ ನಿಂತಿರುವುದು ಪೊಲೀಸ್ ಇಲಾಖೆ. ಕೊನೆಗೆ ತೀರ್ಪು ಬರುತ್ತದೆ. ದಿನಾ ರಸ್ತೆಯಲ್ಲಿ ನಿಲ್ಲಿಸಿ, ಮಂಡಿಯೂರಿಸಿ, ಜೇಬು ತಡಕುವವರನ್ನು ಒಂದು ಹಾಡಿನ ಹೊತ್ತಾದರೂ ಕಟಕಟೆಗೆ ಹತ್ತಿಸುವುದು, ಅದು ಆ ಹುಡುಗರ ಆಸೆ. ಮಾತು ಒರಟು, ಕೊಲ್ಲುವ ಮಾತೂ ಇದೆ. ಆದರೆ ಇದನ್ನು ಬರೀ ಬೈಗುಳ ಅಂದವರು ಪೂರ್ತಿ ಕೇಳಿಲ್ಲ.

1989ರ ಆಗಸ್ಟ್ 1ರಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಸಹಾಯಕ ನಿರ್ದೇಶಕ ಮಿಲ್ಟ್ ಆಲ್ರಿಚ್ ಇವರ ಆಲ್ಬಂ ಹಂಚುತ್ತಿದ್ದ ಪ್ರಯಾರಿಟಿ ರೆಕಾರ್ಡ್ಸ್‌ಗೆ ಒಂದು ಪತ್ರ ಬರೆದರು. ಈ ಆಲ್ಬಂನ ಒಂದು ಹಾಡು ಪೊಲೀಸರ ಮೇಲೆ ಹಿಂಸೆಗೆ, ಅಗೌರವಕ್ಕೆ ಕುಮ್ಮಕ್ಕು ಕೊಡುತ್ತದೆ, 1988ರಲ್ಲಿ 78 ಪೊಲೀಸರು ಕರ್ತವ್ಯದಲ್ಲಿದ್ದಾಗ ಕೊಲೆಯಾದರು ಅಂತ ಅದರಲ್ಲಿತ್ತು. ಹಾಡಿನ ಹೆಸರು ಇರಲಿಲ್ಲ. ನಿಲ್ಲಿಸಿ ಅನ್ನುವ ಆದೇಶವೂ ಇರಲಿಲ್ಲ, ಅಂಥ ಅಧಿಕಾರವೂ ಅವರಿಗೆ ಇರಲಿಲ್ಲ. ಆದರೆ ಸರ್ಕಾರದ ಲೆಟರ್‌ಹೆಡ್ ಮೇಲೆ ಒಂದು ಹಾಡಿನ ಬಗ್ಗೆ ಪತ್ರ ಬಂದರೆ ಕಂಪನಿಯವರಿಗೆ ಹೇಗಾಗಬೇಡ? ಊರೂರಿನ ಪೊಲೀಸರು ಫ್ಯಾಕ್ಸ್ ಕಳಿಸಿ ಒಬ್ಬರಿಗೊಬ್ಬರು ಎಚ್ಚರಿಸುತ್ತಿದ್ದರು. ಕಾರ್ಯಕ್ರಮಕ್ಕೆ ಬಂದೋಬಸ್ತು ಕೊಡುವುದಿಲ್ಲ ಅನ್ನುತ್ತಿದ್ದರು. ಅದೇ ತಿಂಗಳು ಡೆಟ್ರಾಯಿಟ್‌ನಲ್ಲಿ ಆ ಹಾಡು ಶುರು ಮಾಡಿದ ಕೂಡಲೇ ಪೊಲೀಸರು ವೇದಿಕೆ ಕಡೆ ನುಗ್ಗಿದರು, ಕಾರ್ಯಕ್ರಮ ಅಲ್ಲಿಗೇ ನಿಂತಿತು. ಪತ್ರದ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಆಲ್ಬಂಗೆ ಬೇರೆ ಪ್ರಚಾರವೇ ಬೇಕಾಗಲಿಲ್ಲ.

ಇಲ್ಲಿಯವರೆಗೆ ಕೇಳಿ ನೀವು ಇವರನ್ನು ಬರೀ ನೊಂದವರು ಅಂದುಕೊಳ್ಳಬಾರದು. ಹೆಂಗಸರ ಬಗ್ಗೆ ಈ ಹಾಡುಗಳಲ್ಲಿರುವ ಮಾತು ಕೆಟ್ಟದ್ದು. ಬೀದಿಯ ಸತ್ಯ ಅದೇ ಅಂತ ಹೇಳಿ ತಪ್ಪಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮಾತು ಹಾಡಿನಲ್ಲೇ ನಿಲ್ಲಲೂ ಇಲ್ಲ. 1991ರ ಜನವರಿಯಲ್ಲಿ ಡೀ ಬಾರ್ನ್ಸ್ ಅನ್ನುವ ಟಿವಿ ನಿರೂಪಕಿಯನ್ನು ಡ್ರೇ ಒಂದು ಪಾರ್ಟಿಯಲ್ಲಿ ಹೊಡೆದ. ಕೋರ್ಟಿನಲ್ಲಿ ಪ್ರತಿವಾದ ಮಾಡದೆ ಶಿಕ್ಷೆ ಒಪ್ಪಿಕೊಂಡ. ನಾನು ನೋಯಿಸಿದ ಹೆಂಗಸರಲ್ಲಿ ಕ್ಷಮೆ ಕೇಳುತ್ತೇನೆ ಅಂತ ಅವನು ಎಲ್ಲರ ಮುಂದೆ ಹೇಳಿದ್ದು 2015ರಲ್ಲಿ. ಪೊಲೀಸರ ಹೊಡೆತದ ಬಗ್ಗೆ ಅಷ್ಟು ಚೆನ್ನಾಗಿ ಹಾಡಿದವರಿಗೆ ತಮ್ಮ ಕೈಯ ಹೊಡೆತ ಕಾಣಲಿಲ್ಲ.

ದುಡ್ಡಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಎರಡೂ ಆಲ್ಬಂಗಳ ಸಾಹಿತ್ಯದಲ್ಲಿ ದೊಡ್ಡ ಪಾಲು ಕ್ಯೂಬ್‌ನದು. ರೆನ್ ಬರೆದ, ದ ಡಿ.ಒ.ಸಿ. ಅನ್ನುವ ಟೆಕ್ಸಸ್ ಹುಡುಗ ಬರೆದ. ಈಜಿ ಬಾಯಲ್ಲಿ ಬರುವ ಮಾತುಗಳು ಹೆಚ್ಚಾಗಿ ಇವರವೇ. ಆದರೆ ಕಂಪನಿ ಈಜಿಯದು. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಮೇಲೆ, ಊರೂರು ತಿರುಗಿ ಬಂದ ಮೇಲೆ, ಒಪ್ಪಂದಕ್ಕೆ ಸಹಿ ಹಾಕಿದರೆ 75,000 ಡಾಲರ್ ಅಂತ ಚೆಕ್ ಮುಂದಿಟ್ಟರು. ಉಳಿದವರು ಸಹಿ ಹಾಕಿದರು. ಕ್ಯೂಬ್, ನನ್ನ ವಕೀಲರಿಗೆ ತೋರಿಸದೆ ಹಾಕುವುದಿಲ್ಲ ಅಂದ. ಅವನಿಗೆ ಆಗ ಇಪ್ಪತ್ತು ವರ್ಷ. ಅರಿಜೋನಾಕ್ಕೆ ಹೋಗಿ ಕಟ್ಟಡದ ನಕ್ಷೆ ಬಿಡಿಸುವುದನ್ನು ಓದಿ ಬಂದಿದ್ದ ಹುಡುಗ, ಹಾಡು ಕೈ ಕೊಟ್ಟರೆ ಬದುಕಲು ಒಂದು ಕೆಲಸ ಇರಲಿ ಅಂತ. ಹಾಗಾಗಿ ಬೇಡ ಅನ್ನುವ ಧೈರ್ಯ ಇತ್ತು. 1989ರ ಕೊನೆಗೆ ಗುಂಪು ಬಿಟ್ಟ.

ನಮ್ಮ ಕಡೆಯವರಿಗೆ ಇದು ದೂರದ ಕಥೆ ಅಲ್ಲ. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಒಂದು ಸಲ ದುಡ್ಡು ತೆಗೆದುಕೊಂಡು ಎಲ್ಲ ಹಕ್ಕು ಬರೆದುಕೊಡುವುದು ನಮ್ಮಲ್ಲೂ ನಡೆದುಕೊಂಡು ಬಂದಿತ್ತು. ರಾಯಲ್ಟಿಯ ಪಾಲನ್ನು ಅವರಿಂದ ಬರೆಸಿಕೊಳ್ಳುವಂತಿಲ್ಲ ಅಂತ ಕಾಪಿರೈಟ್ ಕಾನೂನು ತಿದ್ದುಪಡಿ ಆದದ್ದು 2012ರಲ್ಲಿ. ಇಲ್ಲಿ ಹಾಡು ಬರೆಯುವ ಹುಡುಗರು ಇದ್ದರೆ ದಯವಿಟ್ಟು ಆ ಕಾನೂನನ್ನು ಒಂದು ಸಲ ಓದಿ.

ಕ್ಯೂಬ್ ಹೋದ ಮೇಲೂ ಗುಂಪು ನಡೆಯಿತು. 1991ರಲ್ಲಿ ಬಂದ ಅವರ ಕೊನೆಯ ಆಲ್ಬಂ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಡ್ರೇ ಕೂಡ ಲೆಕ್ಕ ಕೇಳುತ್ತಿದ್ದ. ಅವನ ಪರವಾಗಿ ಬಂದವನು ಶುಗ್ ನೈಟ್, ದೊಡ್ಡ ಮೈಕಟ್ಟಿನ ಮಾಜಿ ಫುಟ್‌ಬಾಲ್ ಆಟಗಾರ. ಸ್ಟುಡಿಯೋಕ್ಕೆ ಕರೆಸಿಕೊಂಡು, ಬ್ಯಾಟ್ ಹಿಡಿದವರನ್ನು ನಿಲ್ಲಿಸಿ, ನಿನ್ನ ತಾಯಿಯ ಮನೆ ಎಲ್ಲಿದೆ ಅಂತ ಗೊತ್ತು ಅಂತ ಹೆದರಿಸಿ ಡ್ರೇಯನ್ನು ಬಿಡುಗಡೆ ಮಾಡುವ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಅಂತ ಈಜಿ ಆರೋಪ ಮಾಡಿ ಕೋರ್ಟಿಗೆ ಹೋದ. ನೈಟ್ ಅದನ್ನು ಒಪ್ಪಲಿಲ್ಲ, ಕೇಸ್ ನಿಲ್ಲಲಿಲ್ಲ. ಆದರೆ ಒಪ್ಪಂದದ ಬಲದ ಮೇಲೆ ಡ್ರೇ ಹೊಸ ಕಂಪನಿಯಲ್ಲಿ ಮಾಡಿದ ಕೆಲಸದ ದುಡ್ಡಿನಲ್ಲೂ ರೂತ್‌ಲೆಸ್‌ಗೆ ಪಾಲು ಬಂತು. 1992ರ ಕೊನೆಗೆ ಡ್ರೇ ತನ್ನ ಮೊದಲ ಸ್ವಂತ ಆಲ್ಬಂನಲ್ಲಿ ಈಜಿಯನ್ನು ಹೀನಾಯವಾಗಿ ಆಡಿಕೊಂಡ. ಆ ಆಲ್ಬಂ ಮಾರಾಟವಾದಷ್ಟೂ ಈಜಿಗೆ ದುಡ್ಡು. ಈಜಿ ಮರುವರ್ಷ ತಿರುಗಿ ಬೈದು ತನ್ನದೊಂದು ತಂದ. ಅದೂ ಚೆನ್ನಾಗಿ ಮಾರಾಟವಾಯಿತು. ಆ ಬೈದಾಟದಲ್ಲಿ ನನಗೆ ಹೆಚ್ಚು ಆಸಕ್ತಿ ಇಲ್ಲ.

ಅವನ ತಲೆ ಹೇಗೆ ಓಡುತ್ತಿತ್ತು ಅನ್ನುವುದಕ್ಕೆ ಒಂದು ಊಟದ ಕಥೆ ಹೇಳುತ್ತೇನೆ. 1991ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷದವರು ದೇಣಿಗೆದಾರರಿಗೆ ವಾಷಿಂಗ್ಟನ್‌ನಲ್ಲಿ ಒಂದು ಊಟ ಇಟ್ಟಿದ್ದರು, ಅಧ್ಯಕ್ಷ ಬುಷ್ ಬರುವಂಥದ್ದು. ಎರಿಕ್ ರೈಟ್ ಅನ್ನುವ ಹೆಸರಿಗೂ ಆಹ್ವಾನ ಹೋಯಿತು. ಕಂಪ್ಯೂಟರ್ ಪಟ್ಟಿಯಲ್ಲಿ ಹೆಸರಿತ್ತು, ಯಾರು ಅಂತ ನೋಡಿರಲಿಲ್ಲ. ಅವನು ದುಡ್ಡು ಕಟ್ಟಿ ಹೋಗಿ ಕೂತ. ಎಫ್‌ಬಿಐ ಯಾರ ಹಾಡಿನ ಬಗ್ಗೆ ಪತ್ರ ಬರೆದಿತ್ತೋ ಅವನು ಅಧ್ಯಕ್ಷರ ಊಟದಲ್ಲಿ! ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕಪ್ಪು ಸಮುದಾಯದಲ್ಲಿ ಹಲವರು ಸಿಟ್ಟಾದರು. ಅವನ ಉತ್ತರ ವ್ಯಾಪಾರಿಯದು. 2,500 ಡಾಲರ್ ಕೊಟ್ಟೆ, ಹತ್ತು ಲಕ್ಷ ಡಾಲರ್ ಬೆಲೆಯ ಪ್ರಚಾರ ಸಿಕ್ಕಿತು ಅಂದ. ಅದೇ ತಿಂಗಳು ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನನ್ನು ಲಾಸ್ ಏಂಜಲೀಸ್ ಪೊಲೀಸರು ಲಾಠಿಯಲ್ಲಿ ಹೊಡೆದ ವಿಡಿಯೋ ಹೊರಬಂದಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಆ ಪೊಲೀಸರಿಗೆ ಶಿಕ್ಷೆ ಆಗದೇ ಹೋದಾಗ ನಗರ ಹೊತ್ತಿ ಉರಿಯಿತು, 60ಕ್ಕಿಂತ ಹೆಚ್ಚು ಜನ ಸತ್ತರು. ಆಮೇಲೆ ನಡೆದ ಇನ್ನೊಂದು ವಿಚಾರಣೆಯಲ್ಲಿ ಆ ನಾಲ್ವರಲ್ಲಿ ಒಬ್ಬ ಪೊಲೀಸ್, ಥಿಯೋಡರ್ ಬ್ರಿಸೇನೊ, ಹೊಡೆಯುವುದನ್ನು ತಡೆಯಲು ನೋಡಿದ ಅಂತ ಹೇಳಿ ಈಜಿ ಅವನ ಪರ ಕೋರ್ಟಿಗೆ ಬಂದು ಕೂತ. ಗೆಳೆಯರು, ಅಭಿಮಾನಿಗಳು ಉಗಿದರು. ಪಕ್ಷ ಕಟ್ಟಿಕೊಂಡು ಮಾತಾಡುವ ಜಾತಿ ಅವನದಲ್ಲ. ಅದು ಅವನ ಬಲವೂ ಹೌದು, ಜನ ಅವನನ್ನು ಪೂರ್ತಿ ನಂಬದೇ ಇದ್ದದ್ದಕ್ಕೆ ಕಾರಣವೂ ಹೌದು.

ಕೊನೆಯ ವರ್ಷಗಳಲ್ಲಿ ಅವನ ಕಿವಿಯೂ ಪಳಗಿತ್ತು. ಕ್ಲೀವ್‌ಲ್ಯಾಂಡ್‌ನ ಐದು ಬಡ ಹುಡುಗರು ಅವನನ್ನು ಹುಡುಕಿಕೊಂಡು ಬಸ್ಸಿನಲ್ಲಿ ದೇಶದ ಆ ಕಡೆಯಿಂದ ಲಾಸ್ ಏಂಜಲೀಸ್‌ಗೆ ಬಂದರು. ಭೇಟಿ ಆಗಲಿಲ್ಲ. ಕಂಪನಿಗೆ ಫೋನ್ ಮಾಡಿ ಮಾಡಿ, ಒಂದು ದಿನ ಅವನೇ ಸಿಕ್ಕಾಗ ಫೋನಿನಲ್ಲೇ ಹಾಡಿದರು. ಆಮೇಲೆ ಅವನು ಕಾರ್ಯಕ್ರಮಕ್ಕೆ ಕ್ಲೀವ್‌ಲ್ಯಾಂಡ್‌ಗೇ ಹೋಗುತ್ತಾನೆ ಅಂತ ಗೊತ್ತಾಗಿ ವಾಪಸ್ ಊರಿಗೆ ಓಡಿದರು. ವೇದಿಕೆ ಹಿಂದೆ ಹಿಡಿದು ನಿಲ್ಲಿಸಿ ಎದುರಿಗೇ ಹಾಡಿದರು. ಅವನು ಅವರನ್ನು ತನ್ನ ಕಂಪನಿಗೆ ಸೇರಿಸಿಕೊಂಡ. ಅವರೇ ಬೋನ್ ಥಗ್ಸ್-ಎನ್-ಹಾರ್ಮನಿ. ಅಷ್ಟು ವೇಗದ ರ‍್ಯಾಪನ್ನು ಚರ್ಚಿನ ಹಾಡಿನ ಹಾಗೆ ಸ್ವರ ಸೇರಿಸಿ ಹಾಡುವುದು ಆಗ ಹೊಸದು. ಇದೇ ಸಮಯದಲ್ಲಿ ಇನ್ನೂ ಹೆಸರು ಮಾಡದ ವಿಲ್.ಐ.ಆ್ಯಮ್‌ನ ಗುಂಪಿಗೂ ಅವನು ಅವಕಾಶ ಕೊಟ್ಟ. ಮುಂದೆ ಬ್ಲ್ಯಾಕ್ ಐಡ್ ಪೀಸ್ ಆದದ್ದು ಆ ಗುಂಪಿನಿಂದಲೇ. ಗ್ಯಾಂಗ್‌ಸ್ಟಾ ರ‍್ಯಾಪ್‌ಗೂ ಅವರಿಗೂ ಏನೂ ಸಂಬಂಧ ಇರಲಿಲ್ಲ, ಆದರೂ ಸೇರಿಸಿಕೊಂಡ.

1995ರ ಫೆಬ್ರವರಿ 24ರಂದು ಉಸಿರಾಟದ ತೊಂದರೆ ಅಂತ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಗೆ ಸೇರಿದ. ಆಸ್ತಮಾ ಇರಬೇಕು ಅಂದುಕೊಂಡಿದ್ದರು. ಏಡ್ಸ್ ಅಂತ ಗೊತ್ತಾಯಿತು, ಅದೂ ಕೊನೆಯ ಹಂತ. ಮಾರ್ಚ್ 14ರಂದು ಆಸ್ಪತ್ರೆಯಲ್ಲೇ ಟೊಮಿಕಾ ವುಡ್ಸ್ ಅವರನ್ನು ಮದುವೆಯಾದ. 16ರಂದು ಅವನ ವಕೀಲ ರಾನ್ ಸ್ವೀನಿ ಪತ್ರಕರ್ತರ ಮುಂದೆ ಅವನ ಹೇಳಿಕೆ ಓದಿದರು. ನಾನು ಹೋಗುವ ಜಾಗದಲ್ಲಿ ಮೆತ್ತನೆ ದಿಂಬು ಸಿಗಲಿ ಅಂತ ಇದನ್ನು ಹೇಳುತ್ತಿಲ್ಲ, ಸಾವಿರಾರು ಎಳೆಯ ಅಭಿಮಾನಿಗಳಿದ್ದಾರೆ, ಏಡ್ಸ್ ವಿಷಯದಲ್ಲಿ ನಿಜ ಏನು ಅಂತ ಅವರಿಗೆ ಗೊತ್ತಾಗಬೇಕು, ಇದು ಅದರ ಸಾರ. ಹತ್ತು ದಿನಕ್ಕೆ, ಮಾರ್ಚ್ 26ರಂದು ತೀರಿಕೊಂಡ.

ಅದು ಎಂಥ ಕಾಲ ಅಂತ ನೆನಪು ಮಾಡಿಕೊಳ್ಳಿ. ಬಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಅಂತ 1991ರಲ್ಲಿ ಹೇಳಿದ್ದ. ಆದರೆ ಅವನು ಗಟ್ಟಿಮುಟ್ಟಾಗಿ ಕಣ್ಣ ಮುಂದೆ ಓಡಾಡುತ್ತಿದ್ದ. ಇದು ಬಿಳಿಯ ಸಲಿಂಗಿಗಳ ಕಾಯಿಲೆ, ನಮಗಲ್ಲ ಅಂತ ಬೀದಿಯ ಹುಡುಗರು ನಂಬಿದ್ದರು. ಆ ಹೊತ್ತಿಗೆ 25ರಿಂದ 44 ವಯಸ್ಸಿನ ಅಮೆರಿಕನ್ನರ ಸಾವಿಗೆ ದೊಡ್ಡ ಕಾರಣ ಏಡ್ಸೇ ಆಗಿತ್ತು. 1996ರಲ್ಲಿ ಹೊಸದಾಗಿ ದಾಖಲಾದ ಪ್ರಕರಣಗಳಲ್ಲಿ ಕಪ್ಪು ಜನರ ಸಂಖ್ಯೆ ಬಿಳಿಯರನ್ನು ದಾಟಿತು. ತಮ್ಮ ಹಾಗೇ ಬಟ್ಟೆ ಹಾಕುವ, ತಮ್ಮ ಹಾಗೇ ಮಾತಾಡುವ, ಹೆಂಗಸರ ಜೊತೆ ಮಲಗಿದ್ದನ್ನು ಹಾಡಾಗಿ ಕೊಚ್ಚಿಕೊಂಡವನು ಎರಡು ವಾರದ ಒಳಗೆ ಸುದ್ದಿ ಹೇಳಿ ಸತ್ತದ್ದು ಅವರನ್ನು ನಡುಗಿಸಿತು. ಆಸ್ಪತ್ರೆಗೆ ಸಾವಿರಾರು ಫೋನ್ ಬಂದವು. ಸಂಕಟ ಏನೆಂದರೆ, ಎಚ್‌ಐವಿಯನ್ನು ಹತೋಟಿಗೆ ತಂದ ಹೊಸ ಬಗೆಯ ಔಷಧಿಗಳಲ್ಲಿ ಮೊದಲನೆಯದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. 1996ರಿಂದ ಸಾವಿನ ಸಂಖ್ಯೆ ಇಳಿಯತೊಡಗಿತು. ಸ್ವಲ್ಪ ಮುಂಚೆ ಪರೀಕ್ಷೆ ಮಾಡಿಸಿದ್ದರೆ, ಇನ್ನೊಂದು ವರ್ಷ ದೂಡಿದ್ದರೆ ಅನ್ನುವ ಮಾತು ನನ್ನನ್ನು ಬಿಡುವುದಿಲ್ಲ.

ಯಾರೋ ಸೂಜಿ ಚುಚ್ಚಿ ಕಾಯಿಲೆ ತಂದರು ಅನ್ನುವ ಗಾಳಿಸುದ್ದಿ ಇಂಟರ್ನೆಟ್ಟಿನಲ್ಲಿ ಇವತ್ತಿಗೂ ಓಡಾಡುತ್ತದೆ. ಅದಕ್ಕೆ ಯಾವ ಸಾಕ್ಷಿಯೂ ಇಲ್ಲ. ಔಷಧಿ ಇಲ್ಲದೆ ಎಚ್‌ಐವಿ ಏಡ್ಸ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ, ಒಳಗೇ ಸದ್ದಿಲ್ಲದೆ ಇರುತ್ತದೆ. ಕೆಲವರಿಗೆ ಬೇಗ ಆಗುವುದೂ ಉಂಟು. ಸಾಯುವ ಮುಂಚೆ ಅವನು ಹುಡುಗರಿಗೆ ಒಂದು ನಿಜ ಹೇಳಲು ಹೊರಟಿದ್ದ. ಈ ಸುದ್ದಿ ಹಬ್ಬಿಸುವವರು ಅದನ್ನೇ ಅವನ ಬಾಯಿಂದ ಕಿತ್ತುಕೊಳ್ಳುತ್ತಿದ್ದಾರೆ. ದಯವಿಟ್ಟು ಅಂಥದ್ದನ್ನು ಫಾರ್ವರ್ಡ್ ಮಾಡಬೇಡಿ.

ಹೆಲ್ಲರ್ ಜೊತೆಗಿನ ವ್ಯವಹಾರ ಅವನು ಸಾಯುವ ಮುಂಚೆಯೇ ಮುರಿದಿತ್ತು. ಕಂಪನಿಗಾಗಿ ಕೋರ್ಟಿನಲ್ಲಿ ಜಗಳ ನಡೆದು, ಕೊನೆಗೆ ಹೆಂಡತಿ ಟೊಮಿಕಾ ಕೈಗೆ ಬಂತು. ಅದೇ ವರ್ಷ ಜುಲೈನಲ್ಲಿ ಬೋನ್ ಹುಡುಗರ ಆಲ್ಬಂ ಹೊರಬಂದು ಪಟ್ಟಿಯ ಮೇಲಕ್ಕೇರಿತು. ಅದರಲ್ಲಿದ್ದ ಒಂದು ಹಾಡನ್ನು ಈಜಿ ನೆನಪಿಗಾಗಿ ಬದಲಿಸಿ 1996ರಲ್ಲಿ ಥಾ ಕ್ರಾಸ್‌ರೋಡ್ಸ್ ಅಂತ ತಂದರು. ಎಂಟು ವಾರ ಮೊದಲ ಸ್ಥಾನದಲ್ಲಿತ್ತು, ಗ್ರ್ಯಾಮಿಯೂ ಬಂತು. 2016ರಲ್ಲಿ ಎನ್.ಡಬ್ಲ್ಯೂ.ಎ. ಗುಂಪನ್ನು ದೊಡ್ಡ ಸಂಗೀತಗಾರರಿಗೆ ಗೌರವ ಕೊಡುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ವೇದಿಕೆಯಲ್ಲಿ ಅವರ ಬಗ್ಗೆ ಮಾತಾಡಿದವನು ಕಾಂಪ್ಟನ್‌ನಲ್ಲೇ ಹುಟ್ಟಿ ಬೆಳೆದ ಕೆಂಡ್ರಿಕ್ ಲಮಾರ್.

ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ಇಲ್ಲಿ ಕೆಲವರು ಕೇಳಿದಿರಿ. ಮೊದಲು ಈಜಿ-ಡಝ್-ಇಟ್ ಕೇಳಿ. ಆಮೇಲೆ ಸ್ಟ್ರೇಟ್ ಔಟಾ ಕಾಂಪ್ಟನ್. ಅದಾದ ಮೇಲೆ ಕ್ಯೂಬ್ 1990ರಲ್ಲಿ ತಂದ ಮೊದಲ ಸ್ವಂತ ಆಲ್ಬಂ, ಡ್ರೇ 1992ರಲ್ಲಿ ತಂದದ್ದು, ಕೊನೆಗೆ ಬೋನ್ ಹುಡುಗರ 1994ರದ್ದು. ಈ ಕ್ರಮದಲ್ಲಿ ಕೇಳಿದರೆ ಒಂದು ಸ್ಟುಡಿಯೋದಲ್ಲಿ ಒಟ್ಟಿಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಹೋಗಿ ಏನು ತೆಗೆದುಕೊಂಡು ಹೋದರು, ಈಜಿ ಹತ್ತಿರ ಏನು ಉಳಿಯಿತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.